28 ಜನರನ್ನು ಮಾತಿಗೆ ಕೂರಿಸುವ ಲೆಕ್ಕ

ಬೆಂಗಳೂರಿನಲ್ಲಿ ಕೆಲಸದ ಪರಿಚಯ ಬೆಳೆಸಲು ನಡೆಯುವ ಯಾವುದಾದರೂ ಮೀಟಪ್‌ಗೆ ಹೋಗಿ, ಮೊದಲ ಅರ್ಧ ಗಂಟೆ ಕಾಫಿ ಕೌಂಟರ್ ಪಕ್ಕ ನಿಂತು ಸುಮ್ಮನೆ ನೋಡಿ. ಒಂದೇ ಕಂಪನಿಯ ಮೂವರು ಒಟ್ಟಿಗೆ ಬಂದು ಒಟ್ಟಿಗೇ ನಿಂತಿರುತ್ತಾರೆ. ಹಳೆಯ ಸಹೋದ್ಯೋಗಿ ಸಿಕ್ಕವರು "ಈಗ ಎಲ್ಲಿದೀರಾ ಸರ್?" ಎಂದು ಶುರು ಮಾಡಿ ಅಲ್ಲೇ ಬೇರೂರುತ್ತಾರೆ. ಯಾರ ಪರಿಚಯವೂ ಇಲ್ಲದವರು ಮೊಬೈಲ್ ನೋಡುತ್ತಾ ಸಮೋಸ ಮುಗಿಸಿ, ಇನ್ನೊಂದು ಸಮೋಸ ತರಲು ಹೋಗುತ್ತಾರೆ. ಕೊನೆಗೆ ಎಲ್ಲರೂ ಕ್ಯೂಆರ್ ಕೋಡ್ ತೋರಿಸಿ ಲಿಂಕ್ಡ್‌ಇನ್‌ನಲ್ಲಿ ಸೇರಿಸಿಕೊಂಡು ಟ್ರಾಫಿಕ್‌ಗೆ ಹೆದರಿ ಹೊರಡುತ್ತಾರೆ.

ಇದನ್ನು ನಮ್ಮವರ ಸಂಕೋಚ ಎಂದು ತಳ್ಳಿಹಾಕುವ ಹಾಗಿಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಂ ಮತ್ತು ಮೈಕೆಲ್ ಮಾರಿಸ್ ಉದ್ಯಮ ಅಧಿಕಾರಿಗಳ ಒಂದು ಕೂಟದಲ್ಲಿ ಎಲ್ಲರಿಗೂ ಎಲೆಕ್ಟ್ರಾನಿಕ್ ಬ್ಯಾಡ್ಜ್ ಕೊಟ್ಟು, ಯಾರು ಯಾರ ಜೊತೆ ಎಷ್ಟು ಹೊತ್ತು ಮಾತಾಡಿದರು ಎಂದು ದಾಖಲಿಸಿ 2007ರಲ್ಲಿ ಪ್ರಕಟಿಸಿದರು. ಹೊಸಬರನ್ನು ಕಾಣುವುದೇ ಮುಖ್ಯ ಎಂದು ಮೊದಲೇ ಹೇಳಿದ್ದವರು ಕೂಡ ಮೊದಲೇ ಗೊತ್ತಿದ್ದವರ ಕಡೆಗೇ ವಾಲಿದ್ದರು. ಮನಸ್ಸಿಲ್ಲದ್ದರಿಂದ ಹೀಗಾಗುವುದಲ್ಲ. ಅಪರಿಚಿತರಿಂದ ತುಂಬಿದ ಕೋಣೆಗೆ ಕಾಲಿಟ್ಟವರು ಮೂರು ಪ್ರಶ್ನೆಗೆ ಒಟ್ಟಿಗೆ ಉತ್ತರ ಹುಡುಕಬೇಕು: ಯಾರ ಹತ್ತಿರ ಹೋಗಲಿ, ಏನಂತ ಶುರು ಮಾಡಲಿ, ಬೇಜಾರಾಗದಂತೆ ಹೇಗೆ ಕಳಚಿಕೊಳ್ಳಲಿ. ಈ ಮೂರನ್ನೂ ಅತಿಥಿಯ ತಲೆಯಿಂದ ಇಳಿಸಿ ತಾನು ಹೊರುವುದೇ ಆಯೋಜಕರ ಕೆಲಸ. ಬಿಂಗೋ, ಅಂತ್ಯಾಕ್ಷರಿ, "ಎರಡು ನಿಜ ಒಂದು ಸುಳ್ಳು" ಇವೆಲ್ಲ ನಗು ತರಿಸುತ್ತವೆ, ಆದರೆ ಎರಡನೇ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತವೆ. ಆಟ ಮುಗಿದ ಮರುಕ್ಷಣ ಜನ ತಮ್ಮ ತಮ್ಮ ಗುಂಪಿಗೆ ವಾಪಸ್.

ಮೊದಲು ಬಾಗಿಲ ಹತ್ತಿರದ ವಿಚಾರ. ನಮ್ಮೂರಲ್ಲಿ ಆರೂವರೆಗೆ ಕರೆದರೆ ಜನ ಆರೂ ಇಪ್ಪತ್ತರಿಂದ ಏಳೂಕಾಲಿನವರೆಗೆ ಒಬ್ಬೊಬ್ಬರಾಗಿ ಬರುತ್ತಾರೆ. ಸಿಲ್ಕ್ ಬೋರ್ಡ್ ದಾಟಿ ಬರುವವರನ್ನು ಬೈದು ಪ್ರಯೋಜನವಿಲ್ಲ. ಹಾಗಾಗಿ ಮೊದಲ ಮುಕ್ಕಾಲು ಗಂಟೆಯ ಚಟುವಟಿಕೆ, ಯಾರು ಯಾವಾಗ ಬಂದರೂ ನಡುವೆ ಸೇರಿಕೊಳ್ಳುವಂಥದ್ದಾಗಿರಬೇಕು. ನಾಲ್ಕು ಚಾರ್ಟ್ ಶೀಟ್ ಜೋಡಿಸಿ ಗೋಡೆಗೆ ಅಂಟಿಸಿ. ಅದರ ಮೇಲೆ ನಮ್ಮ ಮೆಟ್ರೋದ ಮೂರು ಗೆರೆ ಎಳೆಯಿರಿ: ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ ನೇರಳೆ, ಮಾದಾವರದಿಂದ ರೇಷ್ಮೆ ಸಂಸ್ಥೆಗೆ ಹಸಿರು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ. ಬಂದವರು ಒಂದು ಸಣ್ಣ ಸ್ಟಿಕರ್ ಮೇಲೆ ಹೆಸರು ಬರೆದು ತಾವು ಕೆಲಸ ಮಾಡುವ ಜಾಗಕ್ಕೂ, ಇನ್ನೊಂದನ್ನು ಮನೆ ಇರುವ ಜಾಗಕ್ಕೂ ಅಂಟಿಸಬೇಕು. ಹತ್ತು ಜನ ಅಂಟಿಸುವಷ್ಟರಲ್ಲಿ "ಓ, ನೀವೂ ಪೀಣ್ಯದ ಕಡೆನಾ?" ತಾನಾಗಿಯೇ ಶುರುವಾಗುತ್ತದೆ. ಎಲ್ಲರ ಮುಖ ಗೋಡೆಯ ಕಡೆ ಇರುವುದರಿಂದ ಪಕ್ಕದವರ ಜೊತೆ ಮಾತಾಡುವುದಕ್ಕೆ ಧೈರ್ಯ ಬೇಕಾಗುವುದಿಲ್ಲ. ನಕ್ಷೆಯನ್ನು ಕಾಫಿಯಿಂದ ದೂರ ಇಡಬೇಡಿ, ಎರಡು ಹೆಜ್ಜೆಯೊಳಗಿರಲಿ.

ಇಲ್ಲೊಂದು ಎಚ್ಚರ. "ಸ್ವಂತ ಊರು ಯಾವುದು?" ಎಂಬ ನಕ್ಷೆ ಮಾಡಿದರೆ ಇನ್ನೂ ರಸವತ್ತಾಗಿರುತ್ತದೆ ಎಂದು ಅನೇಕರಿಗೆ ಅನಿಸುತ್ತದೆ. ಆದರೆ ಊರಿನ ಪ್ರಶ್ನೆ ನಮ್ಮಲ್ಲಿ "ಅಲ್ಲಿ ಯಾರ ಪೈಕಿ?" ಎಂಬಲ್ಲಿಗೆ ಎರಡೇ ಮಾತಿನಲ್ಲಿ ಹೋಗಿ ನಿಲ್ಲುತ್ತದೆ. ಕೆಲಸದ ಕೂಟಕ್ಕೆ ಅದು ಬೇಡ.

ಬ್ಯಾಡ್ಜ್ ಮೇಲೆ ಹೆಸರು ಎರಡು ಮೀಟರ್ ದೂರದಿಂದ ಓದುವಂತಿರಬೇಕು, ಅಂದರೆ ದಪ್ಪ ಮಾರ್ಕರ್, ಎರಡು ಸೆಂಟಿಮೀಟರ್ ಎತ್ತರದ ಅಕ್ಷರ. ಕಂಪನಿ, ಹುದ್ದೆ ಬರೆಯಿಸಬೇಡಿ. ಹುದ್ದೆ ಕಂಡ ಕೂಡಲೇ ಕೆಲವರ ಸುತ್ತ ಸಾಲು, ಕೆಲವರ ಸುತ್ತ ಖಾಲಿ ಜಾಗ. ಬದಲಿಗೆ ಆರಾಮಾಗಿ ಮಾತಾಡುವ ಭಾಷೆಗಳನ್ನು ಬರೆಯಿಸಿ. ಸಣ್ಣ ಕಾರ್ಖಾನೆ ನಡೆಸುವವರು, ಅಕೌಂಟೆಂಟ್‌ಗಳು, ವಕೀಲರು ಎಷ್ಟೋ ಜನ ಕನ್ನಡದಲ್ಲಿ ತಮ್ಮ ವ್ಯವಹಾರವನ್ನು ಬೆರಳ ತುದಿಯಲ್ಲಿ ಬಿಡಿಸಿಡುತ್ತಾರೆ, ಟೇಬಲ್ ಇಂಗ್ಲಿಷಿಗೆ ಹೊರಳಿದ ಕ್ಷಣ "ಹೌದು ಹೌದು" ಎಂದು ಸುಮ್ಮನಾಗುತ್ತಾರೆ. ನಡೆಸುವವರು ಸೂಚನೆಗಳನ್ನು ಮೊದಲು ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರೆ ಸಾಕು, ಟೇಬಲ್‌ಗೂ ಅದೇ ಅನುಮತಿ ಸಿಕ್ಕಂತೆ.

ಈಗ ಇಡೀ ಸಂಜೆಯ ಇಂಧನ: ಚೀಟಿ. ಅಂಗೈ ಅಗಲದ ರಟ್ಟಿನ ಕಾರ್ಡ್, ಒಂದು ಬದಿಗೆ "ನನಗೆ ಬೇಕು" ಎಂದು ಅಚ್ಚಾಗಿರಲಿ, ಹಿಂಬದಿ ಖಾಲಿ ಇರಲಿ. ಪೆನ್ನು ಕೊಡಬೇಡಿ, ಪೆನ್ಸಿಲ್ ಮತ್ತು ರಬ್ಬರ್ ಕೊಡಿ. ಕಾರಣ ಮುಂದೆ ಗೊತ್ತಾಗುತ್ತದೆ. ಇದರ ಮೂಲ ಅಮೆರಿಕದ ವೇಯ್ನ್ ಬೇಕರ್ ಮತ್ತು ಶೆರಿಲ್ ಬೇಕರ್ ರೂಪಿಸಿದ ಒಂದು ಅಭ್ಯಾಸದಲ್ಲಿದೆ. ಅಲ್ಲಿ ಒಬ್ಬೊಬ್ಬರೂ ಎಲ್ಲರೆದುರು ಒಂದು ಕೋರಿಕೆ ಇಡುತ್ತಾರೆ, ಉಳಿದವರು ತಮ್ಮ ಕೈಲಾದದ್ದನ್ನು ಅಥವಾ ತಮಗೆ ಗೊತ್ತಿರುವವರ ಹೆಸರನ್ನು ಕೊಡುತ್ತಾರೆ. ಎಲ್ಲರೂ ಕೇಳಲೇಬೇಕಾದ್ದರಿಂದ ಕೇಳುವ ನಾಚಿಕೆ ಯಾರೊಬ್ಬರ ಪಾಲಿಗೂ ಉಳಿಯುವುದಿಲ್ಲ.

ಚೀಟಿ ಕೆಡುವುದು ಒಂದೇ ಕಾರಣಕ್ಕೆ: ಕೋರಿಕೆ ದೊಡ್ಡದಾಗಿ, ಮಸುಕಾಗಿ ಇರುತ್ತದೆ. ಉದಾಹರಣೆಗೆ, ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರೊಬ್ಬರು "ನಮ್ಮ ಸ್ಟಾರ್ಟಪ್‌ಗೆ ಗ್ರಾಹಕರು ಬೇಕು" ಎಂದು ಬರೆದರು ಎಂದಿಟ್ಟುಕೊಳ್ಳಿ. ಓದಿದವರಿಗೆ ಯಾರ ಮುಖವೂ ನೆನಪಾಗದು. ಎರಡನೇ ಸಲ: "ಸಣ್ಣ ಕಾರ್ಖಾನೆಗಳ ಸಂಪರ್ಕ ಬೇಕು." ಪರವಾಗಿಲ್ಲ, ಆದರೆ ಸಂಪರ್ಕ ಸಿಕ್ಕ ಮೇಲೆ ಏನು? ಮೂರನೇ ಸಲ: "ಪೀಣ್ಯದಲ್ಲಿ 20ರಿಂದ 50 ಜನ ಕೆಲಸ ಮಾಡುವ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಬಿಲ್ ಬರೆಯುವವರ ಪಕ್ಕ ಅರ್ಧ ದಿನ ಕೂತು ನೋಡಬೇಕು, ಈ ತಿಂಗಳೊಳಗೆ." ಇದನ್ನು ಕೇಳಿದ ಕೂಡಲೇ ಟೇಬಲ್‌ನಲ್ಲಿ ಒಬ್ಬರಿಗಾದರೂ ತಮ್ಮ ಭಾವನ ಶೆಡ್ ಕಣ್ಣೆದುರು ಬರುತ್ತದೆ. ಎಂಥವರು, ಎಷ್ಟು ಹೊತ್ತು, ಯಾವಾಗಿನೊಳಗೆ: ಈ ಮೂರು ಇದ್ದರೆ ಚೀಟಿ ಸರಿಯಾಗಿದೆ ಎಂದರ್ಥ. "ಕೆಲಸ ಬೇಕು", "ಬಂಡವಾಳ ಬೇಕು" ಎಂದು ಬರೆದವರಿಗೆ ಅದರ ಹಿಂದಿನ ಮೆಟ್ಟಿಲನ್ನು ಕೇಳಲು ಹೇಳಿ. ಕೆಲಸದ ಹಿಂದಿನ ಮೆಟ್ಟಿಲು ಎಂದರೆ, ಆ ಬಗೆಯ ಕೆಲಸವನ್ನು ಈಗ ಮಾಡುತ್ತಿರುವ ಒಬ್ಬರ ಜೊತೆ ಇಪ್ಪತ್ತು ನಿಮಿಷದ ಮಾತು. ದೂರದ ಪರಿಚಯಗಳೇ ಕೆಲಸದ ಸುದ್ದಿ ತರುತ್ತವೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದು ಇದೇ ಕಾರಣಕ್ಕೆ: ಹತ್ತಿರದವರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ.

ಇನ್ನು ಕೂರಿಸುವ ಲೆಕ್ಕ. ಒಂದು ಟೇಬಲ್‌ಗೆ ನಾಲ್ಕೇ ಜನ. ಐದನೆಯವರು ಬಂದ ಕೂಡಲೇ ಮಾತು ಎರಡಾಗಿ ಒಡೆಯಲು ಶುರುವಾಗುತ್ತದೆ. ಸಹಜವಾಗಿ ಸೇರುವ ಮಾತಿನ ಗುಂಪು ಸುಮಾರು ನಾಲ್ಕಕ್ಕೆ ನಿಲ್ಲುತ್ತದೆ ಎಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಕೂಡ ಗಮನಿಸಿದ್ದಾರೆ. ಕಲ್ಯಾಣ ಮಂಟಪದ ಹತ್ತು ಜನರ ದುಂಡು ಟೇಬಲ್ ಬೇಡ, ಮೂರು ಅಡಿ ಅಗಲದ ಸಣ್ಣ ಟೇಬಲ್ ಹುಡುಕಿ. ಸಿಗದಿದ್ದರೆ ಟೇಬಲ್ ಇಲ್ಲದೆ ನಾಲ್ಕು ಕುರ್ಚಿ ಎದುರುಬದುರು ಹಾಕಿದರೂ ಆಗುತ್ತದೆ, ಬಹುಶಃ ಅದೇ ವಾಸಿ.

ಏಳು ಟೇಬಲ್, 28 ಜನ. ಟೇಬಲ್‌ಗಳಿಗೆ ವೃತ್ತಾಕಾರದಲ್ಲಿ 1ರಿಂದ 7ರ ಸಂಖ್ಯೆ. ಪ್ರತಿ ಟೇಬಲ್‌ನ ನಾಲ್ವರ ಬ್ಯಾಡ್ಜ್ ಮೂಲೆಯಲ್ಲಿ ಕ್ರಮವಾಗಿ "ಮನೆ", 1, 2, 3 ಎಂದು ಬರೆದಿರಲಿ. ಗಂಟೆ ಬಾರಿಸಿದಾಗ "ಮನೆ" ಇರುವವರು ಅಲ್ಲೇ ಕೂರುತ್ತಾರೆ. 1 ಇರುವವರು ಒಂದು ಟೇಬಲ್ ಮುಂದೆ, 2 ಇರುವವರು ಎರಡು, 3 ಇರುವವರು ಮೂರು ಟೇಬಲ್ ಮುಂದೆ ಹೋಗುತ್ತಾರೆ. ಏಳರ ನಂತರ ಮತ್ತೆ ಒಂದು. ನಾಲ್ಕು ಸುತ್ತು ಮುಗಿಯುವಾಗ ಪ್ರತಿಯೊಬ್ಬರೂ 12 ಹೊಸಬರ ಜೊತೆ ಕೂತಿರುತ್ತಾರೆ, ಒಬ್ಬರೂ ಎರಡನೇ ಸಲ ಎದುರಾಗುವುದಿಲ್ಲ. (ಯಾರು "ಮನೆಯವರು" ಎಂದು ಮೈಕ್‌ನಲ್ಲಿ ಕೇಳಿದರೆ ಒಂದಿಷ್ಟು ನಗು ಖಂಡಿತ. ಸಂಕೋಚ ಮುರಿಯಲು ಬೇರೆ ಆಟ ಬೇಕಿಲ್ಲ.)

ಟೇಬಲ್ ಏಳೇ ಏಕೆ? ಆರು ಹಾಕಿ ನೋಡಿ. 3 ಇರುವವರು ಎರಡು ಸಲ ಎದ್ದರೆ ಆರು ಟೇಬಲ್ ದಾಟಿ ಹೊರಟಲ್ಲಿಗೇ ಬಂದರು. ಮೂರನೇ ಸುತ್ತಿಗೇ ಹಳೆಯ "ಮನೆಯವರು" ಎದುರಿಗೆ. ನಾಲ್ಕು ಟೇಬಲ್ ಹಾಕಿದರೆ 2 ಇರುವವರಿಗೆ ಇದೇ ಗತಿ. 5 ಅಥವಾ 7 ಅವಿಭಾಜ್ಯ ಸಂಖ್ಯೆಗಳಾದ್ದರಿಂದ ಈ ಪೇಚು ಬರುವುದಿಲ್ಲ. 15ರಿಂದ 20 ಜನ ಇದ್ದರೆ ಐದು ಟೇಬಲ್, 21ರಿಂದ 28 ಇದ್ದರೆ ಏಳು.

ಹೆಸರು ಕೊಟ್ಟವರೆಲ್ಲ ಬರುವುದಿಲ್ಲ, ಉಚಿತವಾದರಂತೂ ಕೇಳಲೇಬೇಡಿ. ಆದ್ದರಿಂದ ಬಂದವರಿಗೆ ಮೊದಲು ಮನೆ, 1, 2 ಈ ಮೂರನ್ನು ಏಳೂ ಟೇಬಲ್‌ಗೆ ತುಂಬಿ, ಕೊನೆಗೆ 3ನ್ನು ಕೊಡಿ. ಖಾಲಿ ಕುರ್ಚಿಗಳೆಲ್ಲ 3ನೇ ಸಂಖ್ಯೆಯವೇ ಆಗಿದ್ದರೆ ಯಾವ ಸುತ್ತಿನಲ್ಲೂ ಯಾವ ಟೇಬಲ್‌ನಲ್ಲೂ ಮೂವರಿಗಿಂತ ಕಡಿಮೆಯಾಗುವುದಿಲ್ಲ. ಬೇರೆ ಬೇರೆ ಸಂಖ್ಯೆಗಳಲ್ಲಿ ಖಾಲಿ ಬಿಟ್ಟರೆ ಯಾವುದೋ ಸುತ್ತಿನಲ್ಲಿ ಎರಡು ಖಾಲಿ ಕುರ್ಚಿ ಒಂದೇ ಟೇಬಲ್‌ಗೆ ಬಂದು ಇಬ್ಬರೇ ಮುಖ ಮುಖ ನೋಡಿಕೊಳ್ಳಬೇಕಾಗಬಹುದು. ತಡವಾಗಿ ಬಂದವರನ್ನೂ ಖಾಲಿ ಇರುವ 3ಕ್ಕೆ ಕೂರಿಸಿದರಾಯಿತು.

ಇನ್ನೊಂದು ಉಪಯೋಗ: ಒಂದೇ ಸಂಖ್ಯೆಯವರು ಒಬ್ಬರನ್ನೊಬ್ಬರು ಎಂದೂ ಸಂಧಿಸುವುದಿಲ್ಲ. ಒಂದೇ ಆಫೀಸಿನಿಂದ ಬಂದ ನಾಲ್ವರಿಗೂ 2 ಕೊಟ್ಟು ಬೇರೆ ಬೇರೆ ಟೇಬಲ್‌ಗೆ ಕಳಿಸಿ. "ದಯವಿಟ್ಟು ಒಟ್ಟಿಗೆ ಕೂರಬೇಡಿ" ಎಂದು ಯಾರಿಗೂ ಹೇಳುವ ಮುಜುಗರ ಇಲ್ಲ.

ಸುತ್ತಿಗೆ 14 ನಿಮಿಷ. ಒಬ್ಬೊಬ್ಬರಿಗೆ ಮೂರು ನಿಮಿಷ, ಕೊನೆಗೆ ಎರಡು ನಿಮಿಷ ಬಿಡುವು. ಮೂರರಲ್ಲಿ ಒಂದು ನಿಮಿಷ ತನ್ನ ಕೆಲಸವೇನು ಎಂದು ಹೇಳಿ ಚೀಟಿ ಓದುವುದು, ಎರಡು ನಿಮಿಷ ಉಳಿದವರ ಉತ್ತರ. ನಾಲ್ಕು ಸುತ್ತು, ನಡುವೆ ಮೂರು ಸಲ ಎದ್ದು ಹೋಗಲು ಎರಡೆರಡು ನಿಮಿಷ: ಒಟ್ಟು 62. ಉತ್ತರಕ್ಕೆ ಒಂದೇ ನಿಯಮ. ಒಂದು ಹೆಸರು, ಒಂದು ಜಾಗ ಅಥವಾ ತಾನೇ ಮಾಡಿಕೊಡುವ ಒಂದು ಕೆಲಸ ಹೇಳಬೇಕು. "ನೋಡೋಣ", "ಖಂಡಿತ ಹೇಳ್ತೀನಿ ಸರ್", "ಒಂದ್ಸಲ ಸಿಗೋಣ" ಇವು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಇವು "ಇಲ್ಲ" ಎನ್ನುವ ಮರ್ಯಾದೆಯ ರೂಪ ಎಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಉತ್ತರ ಕೊಟ್ಟವರು ಕೇಳಿದವರ ಚೀಟಿಯ ಹಿಂಬದಿಯಲ್ಲಿ ತಾವೇ ಬರೆಯಬೇಕು: ತಮ್ಮ ಹೆಸರು, ಏನು ಕೊಡುತ್ತೇನೆ, ಯಾವ ದಿನ. ತನ್ನ ಕೈಬರಹದಲ್ಲಿ ಬರೆದದ್ದನ್ನು ಮರೆಯುವುದು ಸ್ವಲ್ಪ ಕಷ್ಟ. ಏನೂ ಹೊಳೆಯದಿದ್ದರೆ "ನನ್ನ ಬಳಿ ಇಲ್ಲ" ಎಂದರೆ ಸಾಕು, ತಪ್ಪೇನಿಲ್ಲ.

ಎರಡನೇ ಸುತ್ತಿನ ಕೊನೆಯ ಎರಡು ನಿಮಿಷದ ಬಿಡುವನ್ನು ಎಲ್ಲರಿಗೂ ಚೀಟಿ ತಿದ್ದಲು ಕೊಡಿ. ಆರು ಜನರ ಮುಖ ನೋಡಿದ ಮೇಲೆ ಯಾವ ಪದ ಅರ್ಥವಾಗಲಿಲ್ಲ ಎಂಬುದು ಬರೆದವರಿಗೇ ಗೊತ್ತಾಗಿರುತ್ತದೆ. ಪೆನ್ಸಿಲ್ ಕೊಟ್ಟದ್ದು ಇದಕ್ಕೆ.

ಗಂಟೆಯ ವಿಷಯ ಸಣ್ಣದಲ್ಲ. ಗಾಜಿನ ಗೋಡೆ, ತಗ್ಗು ಚಾವಣಿಯ, ಹಲವು ಕಂಪನಿಗಳು ಹಂಚಿಕೊಳ್ಳುವ ಕೋವರ್ಕಿಂಗ್ ಕೋಣೆಯಲ್ಲಿ ಏಳು ಜನ ಒಟ್ಟಿಗೆ ಮಾತಾಡಿದರೆ ಮೈಕ್ ಹಿಡಿದು ಕೂಗಿದರೂ ಕೇಳದು, ಕೂಗಿದಷ್ಟೂ ಅವರೂ ದನಿ ಏರಿಸುತ್ತಾರೆ. ಪೂಜೆಯ ಹಿತ್ತಾಳೆ ಗಂಟೆ ಎಲ್ಲವನ್ನೂ ಸೀಳಿಕೊಂಡು ಹೋಗುತ್ತದೆ. ಮೂರು ನಿಮಿಷಕ್ಕೆ ಒಂದು ಏಟು, ಎದ್ದು ಹೋಗಲು ಮೂರು ಏಟು. ಇಬ್ಬರ ಮಾತು ಕಾವೇರಿದೆ ಎಂದು ಕನಿಕರಪಟ್ಟು ಸುತ್ತನ್ನು ಲಂಬಿಸಬೇಡಿ. ಅರ್ಧಕ್ಕೆ ನಿಂತ ಮಾತೇ ಅವರನ್ನು ತಿಂಡಿಯ ಹೊತ್ತಿಗೆ ಮತ್ತೆ ಹುಡುಕಿಕೊಂಡು ಬರುವಂತೆ ಮಾಡುತ್ತದೆ. ಹಾಗೆಂದು ಸುತ್ತು ಮುಗಿದ ಕೂಡಲೇ ಭಾಷಣ ಇಟ್ಟರೆ ಆ ಮಾತು ಅಲ್ಲೇ ಸತ್ತುಹೋಗುತ್ತದೆ. ಅತಿಥಿ ಭಾಷಣ ಬೇಕೇ ಬೇಕೆಂದರೆ ಮೊದಲೇ ಮುಗಿಸಿ, ಹತ್ತು ನಿಮಿಷಕ್ಕೆ.

ತಿಂಡಿಯ ನಂತರ ಉಳಿಯುವವರಿಗೆ ಮೂವರ ಸಲಹೆ ಚೆನ್ನಾಗಿ ಒಗ್ಗುತ್ತದೆ. ಒಬ್ಬರು ತಮ್ಮ ಕೆಲಸದ ಒಂದು ತೊಡಕನ್ನು ಎರಡು ನಿಮಿಷ ಹೇಳುತ್ತಾರೆ. ಉಳಿದಿಬ್ಬರು ಎರಡು ನಿಮಿಷ ಪ್ರಶ್ನೆ ಕೇಳುತ್ತಾರೆ. ಆಮೇಲೆ ತೊಡಕು ಹೇಳಿದವರು ಕುರ್ಚಿ ತಿರುಗಿಸಿ ಬೆನ್ನು ಹಾಕಿ ಕೂರಬೇಕು. ಅವರು ಅಲ್ಲಿಲ್ಲ ಎಂಬಂತೆ ಇಬ್ಬರೂ ಐದು ನಿಮಿಷ ತಮ್ಮ ತಮ್ಮಲ್ಲೇ ಚರ್ಚಿಸುತ್ತಾರೆ. ಕೊನೆಗೆ ತಿರುಗಿ, ಯಾವುದು ಉಪಯೋಗಕ್ಕೆ ಬಂತು ಎಂದು ಒಂದು ನಿಮಿಷ. ಬೆನ್ನು ತಿರುಗಿಸುವುದು ನಾಟಕದಂತೆ ಕಂಡರೂ ಬಿಡಬೇಡಿ. ಎದುರು ಕೂತರೆ ಪ್ರತಿ ಸಲಹೆಗೂ "ಅದು ಮಾಡಿ ನೋಡಿದೀವಿ ಮೇಡಂ" ಎಂಬ ಉತ್ತರ ಬರುತ್ತದೆ, ಹಿರಿಯರು ಎದುರಿದ್ದರೆ ಕಿರಿಯರು ಬಾಯಿ ಬಿಡುವುದೂ ಇಲ್ಲ. ಬೆನ್ನು ಕಂಡರೆ ಎರಡೂ ನಿಲ್ಲುತ್ತವೆ.

ಹೊರಡುವ ಮೊದಲು ಚೀಟಿಯ ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ, ಚೀಟಿ ಅವರ ಹತ್ತಿರವೇ ಇರಲಿ. ಎಲ್ಲರನ್ನೂ ಒಂದೇ ವಾಟ್ಸಾಪ್ ಗ್ರೂಪಿಗೆ ತುಂಬುವ ಚಪಲ ಬೇಡ, ಮೂರನೇ ದಿನಕ್ಕೆ ಅದು ಶುಭೋದಯದ ಚಿತ್ರಗಳ ಗೋಡೆಯಾಗುತ್ತದೆ. ಮರುದಿನ ಮಧ್ಯಾಹ್ನದೊಳಗೆ, ಚೀಟಿಯ ಹಿಂಬದಿ ಬರೆದವರಿಗೂ ಕೇಳಿದವರಿಗೂ, ಇಬ್ಬರ ಒಪ್ಪಿಗೆ ಪಡೆದು, ಒಂದೇ ಸಂದೇಶ ಕಳಿಸಿ: "ನೀವು ಗುರುವಾರ ಶೆಡ್ ತೋರಿಸುತ್ತೇನೆ ಎಂದಿದ್ದಿರಿ, ಇವರ ನಂಬರ್ ಇದು." ಹತ್ತನೇ ದಿನ ಇನ್ನೊಮ್ಮೆ, ಆಯಿತೇ ಎಂದಷ್ಟೇ ಕೇಳಿ. ಎಷ್ಟು ಜನ ಬಂದಿದ್ದರು ಎನ್ನುವುದಕ್ಕಿಂತ ಈ ಹತ್ತನೇ ದಿನದ "ಆಯಿತು"ಗಳನ್ನು ಎಣಿಸಿಟ್ಟುಕೊಳ್ಳಿ, ಮುಂದಿನ ಕೂಟಕ್ಕೆ ಜಾಗ ಕೊಡುವವರಿಗೆ ತೋರಿಸಲು ಅದೇ ಒಳ್ಳೆಯ ಲೆಕ್ಕ.

ಬಾಗಿಲ ಹತ್ತಿರದ ನಕ್ಷೆಯನ್ನು ಕೊನೆಯವರೆಗೂ ಕೀಳಬೇಡಿ. ಹೊರಡುವಾಗ ಮನೆಯ ಸ್ಟಿಕರ್‌ಗಳನ್ನು ನೋಡಿ, ಒಂದೇ ಗೆರೆಯವರನ್ನು ಹೆಸರು ಹಿಡಿದು ಕೂಗಿ: "ಯಲಚೇನಹಳ್ಳಿ ಕಡೆ ಮೂವರಿದೀರಿ, ಒಟ್ಟಿಗೇ ಹೋಗಿ." ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಲು ನಡೆಯುವ ಆ ಐದು ನಿಮಿಷಕ್ಕೆ ಗಂಟೆ ಬಾರಿಸುವವರು ಯಾರೂ ಇರುವುದಿಲ್ಲ.