ದಪ್ಪ ತೆನೆ ಆರಿಸಿದರೂ ರಾಗಿ ಯಾಕೆ ಬದಲಾಗುವುದಿಲ್ಲ?

"ಮೇಡಂ, ಪ್ರತಿ ವರ್ಷ ದಪ್ಪ ತೆನೆನೇ ಆರಿಸಿ ಬಿತ್ತನೆಗೆ ಇಡ್ತೀನಿ. ಆದ್ರೂ ತೆನೆ ಇದ್ದ ಹಾಗೇ ಇದೆ, ಯಾಕೆ?" ನಾಗಮಂಗಲ, ಪಾಂಡವಪುರದ ಕಡೆಯ ರೈತರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ನಾನು ರಾಗಿ ತಳಿ ಅಭಿವೃದ್ಧಿಯ ಕೆಲಸದಲ್ಲಿರುವವಳು. ಈ ಪ್ರಶ್ನೆ ನನಗೆ ಬಹಳ ಇಷ್ಟ. ಜೀವವಿಕಾಸದ ಚರಿತ್ರೆಯಲ್ಲಿ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದೂ ಇದಕ್ಕೇ.

ಡಾರ್ವಿನ್ 1859ರಲ್ಲಿ ಜೀವವಿಕಾಸದ ಬಗ್ಗೆ ತನ್ನ ವಾದವನ್ನು ಮುಂದಿಟ್ಟಾಗ ಶುರು ಮಾಡಿದ್ದು ಬೆಳೆ ಬೆಳೆಯುವವರು, ಪಾರಿವಾಳ ಸಾಕುವವರಿಂದ. ಅವರು ತಮಗೆ ಬೇಕಾದ್ದನ್ನು ಆರಿಸಿ ಆರಿಸಿ ಹೊಸ ಹೊಸ ತಳಿ ಮಾಡಿಕೊಂಡಿದ್ದರು. ಪ್ರಕೃತಿಯಲ್ಲಿ ಆರಿಸುವವರು ಯಾರೂ ಇಲ್ಲ. ಆದರೂ ಯಾವುದು ಬದುಕಿ ಉಳಿದು ಜಾಸ್ತಿ ಸಂತಾನ ಬಿಡುತ್ತದೋ ಅದರ ಗುಣವೇ ಮುಂದಕ್ಕೆ ಹೋಗುತ್ತದೆ. ಇಷ್ಟು ಸರಿ. ಆದರೆ ಗುಣ ಹೇಗೆ ಮುಂದಕ್ಕೆ ಹೋಗುತ್ತದೆ ಅನ್ನುವುದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಪ್ಪ ಅಮ್ಮನ ಗುಣ ಬೆರೆತು ಮಕ್ಕಳು ನಡುಮಧ್ಯಕ್ಕೆ ಬರುತ್ತಾರೆ ಅಂತಲೇ ಬಹಳ ಜನ ನಂಬಿದ್ದರು. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎಂಬ ಎಂಜಿನಿಯರ್ ಕೇಳಿಯೇಬಿಟ್ಟ: ಹಾಗಿದ್ದರೆ ಎಲ್ಲೋ ಒಂದರಲ್ಲಿ ಕಾಣಿಸಿಕೊಂಡ ಒಳ್ಳೆಯ ಗುಣ, ಮಜ್ಜಿಗೆಗೆ ನೀರು ಹುಯ್ಯುತ್ತಾ ಹೋದ ಹಾಗೆ ನಾಲ್ಕು ತಲೆಮಾರಿಗೆ ತೆಳ್ಳಗಾಗಿ ಹೋಗಲ್ವಾ? ಡಾರ್ವಿನ್‌ಗೆ ಇದು ಬಹಳ ಕಾಡಿದ ಆಕ್ಷೇಪ.

ಇದಕ್ಕೆ ಉತ್ತರವನ್ನು ರಾಗಿ ತಾಕಿನಲ್ಲೇ ಕಣ್ಣಾರೆ ನೋಡಬಹುದು. ರಾಗಿ ಹೂವು ಬಹಳ ಸಣ್ಣದು, ನಸುಕಿನಲ್ಲಿ ಅರಳುತ್ತದೆ, ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಕೈಯಿಂದ ಅಡ್ಡತಳಿ ಮಾಡುವುದು, ಅಂದರೆ ಒಂದು ತಳಿಯ ಪರಾಗ ಇನ್ನೊಂದಕ್ಕೆ ಸೇರಿಸುವುದು ಕಷ್ಟ. ಅದಕ್ಕೇ ಹೂ ಬಿಡುವ ಮೊದಲು ಎರಡು ತಳಿಯ ತೆನೆಗಳನ್ನು ಒಟ್ಟಿಗೆ ಕಟ್ಟಿ ಚೀಲ ಹಾಕುತ್ತೇವೆ. ತಾಯಿ ಗಿಡ ಪೂರ್ತಿ ಹಸಿರು, ತಂದೆ ಗಿಡದ ಗೆಣ್ಣು ನೇರಳೆ. ತಾಯಿಯ ಕಾಳು ಬಿತ್ತಿದರೆ ಬಹುಪಾಲು ಸಸಿಗಳು ಹಸಿರೇ, ಅಂದರೆ ಅಡ್ಡತಳಿ ಆಗಿಲ್ಲ. ನಡುವೆ ಅಪರೂಪಕ್ಕೊಂದು ಸಸಿಯ ಗೆಣ್ಣು ನೇರಳೆ ತಿರುಗಿರುತ್ತದೆ. ನಾವು ಹುಡುಕುವುದು ಅದನ್ನೇ. ಅದರ ಕಾಳನ್ನು ಮತ್ತೆ ಬಿತ್ತಿ: ನೇರಳೆ ಗಿಡಗಳ ಮಧ್ಯೆ ಅಪ್ಪಟ ಹಸಿರು ಗಿಡಗಳೂ ಬರುತ್ತವೆ. ಹಸಿರು ತೆಳ್ಳಗಾಗಿಲ್ಲ, ಒಂದು ತಲೆಮಾರು ಮರೆಯಲ್ಲಿತ್ತು ಅಷ್ಟೇ. ಬಟಾಣಿ ಗಿಡದಲ್ಲಿ ಇಂಥದ್ದನ್ನೇ ಕಂಡು, ಎಣಿಸಿ, ಮೆಂಡೆಲ್ ಎಂಬ ಕ್ರೈಸ್ತ ಸನ್ಯಾಸಿ 1866ರಲ್ಲಿ ಪ್ರಕಟಿಸಿದ್ದ. ಜೆಂಕಿನ್ ಪ್ರಶ್ನೆ ಹಾಕುವ ಒಂದು ವರ್ಷ ಮೊದಲೇ ಉತ್ತರ ಅಚ್ಚಾಗಿತ್ತು! ಅದರ ಬೆಲೆ ಜಗತ್ತಿಗೆ ಗೊತ್ತಾಗಿದ್ದು 1900ರಲ್ಲಿ. ಅಷ್ಟರಲ್ಲಿ ಡಾರ್ವಿನ್ ತೀರಿಕೊಂಡು 18 ವರ್ಷ ಆಗಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಈಗ ದಪ್ಪ ತೆನೆ ವಿಷಯಕ್ಕೆ ಬರೋಣ. ಡೆನ್ಮಾರ್ಕಿನ ಸಸ್ಯವಿಜ್ಞಾನಿ ಜೋಹಾನ್ಸೆನ್ ಹುರುಳಿಕಾಯಿ ಬೀಜ ತಗೊಂಡು ತೂಕ ಮಾಡಿದ. ಕಲಬೆರಕೆ ಬೀಜದ ರಾಶಿಯಲ್ಲಿ ದಪ್ಪ ಬೀಜ ಆರಿಸಿದರೆ ಮುಂದಿನ ಬೆಳೆಯ ಬೀಜವೂ ಸರಾಸರಿಯಲ್ಲಿ ದಪ್ಪ ಬಂತು. ಆದರೆ ಒಂದೇ ಗಿಡದ ಸಂತಾನದೊಳಗೆ ದಪ್ಪ ಬೀಜವನ್ನೂ ಸಣ್ಣ ಬೀಜವನ್ನೂ ಬೇರೆ ಬೇರೆ ಬಿತ್ತಿ ನೋಡಿದರೆ ಎರಡರ ಮಕ್ಕಳದ್ದೂ ಸರಾಸರಿ ಒಂದೇ! ಅಲ್ಲಿದ್ದ ದಪ್ಪ ಸಣ್ಣ ಎಲ್ಲ ಮಣ್ಣು, ನೀರು, ಜಾಗದಿಂದ ಬಂದಿದ್ದು. ಅದು ಬೀಜದೊಳಗೆ ಇಳಿಯುವುದಿಲ್ಲ. ಇದನ್ನು ಅವನು 1903ರಲ್ಲಿ ಪ್ರಕಟಿಸಿದ.

ರಾಗಿ ಕತೆಯೂ ಇದೇ. ಬಿಡುಗಡೆಯಾದ ತಳಿಯ ಗಿಡಗಳೆಲ್ಲ ಹೆಚ್ಚುಕಮ್ಮಿ ಒಂದೇ ಸಂತಾನ. ತಿಪ್ಪೆ ಪಕ್ಕದ ಗಿಡದಲ್ಲಿ ತೆನೆ ದಪ್ಪ ಬಂದಿದ್ದರೆ ಅದು ಗೊಬ್ಬರದ ಗುಣ. ರೋಗದ ತೆನೆ ಬಿಟ್ಟು ಗಟ್ಟಿ ಕಾಳು ಇಟ್ಟುಕೊಳ್ಳಿ, ಮೊಳಕೆ ಚೆನ್ನಾಗಿ ಬರುತ್ತದೆ. ತಳಿ ಮಾತ್ರ ಬದಲಾಗುವುದಿಲ್ಲ. ಆರಿಸುವುದು ಇರುವುದನ್ನು ಬೇರ್ಪಡಿಸುತ್ತದೆ, ಇಲ್ಲದ್ದನ್ನು ತರುವುದಿಲ್ಲ.

ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಮಾಡಿದ ಕೆಲಸದ ದೊಡ್ಡತನ ಇಲ್ಲಿದೆ. ಮೊದಲು ನಮ್ಮ ರಾಗಿಗಳನ್ನೇ ಒಂದಕ್ಕೊಂದು ಅಡ್ಡ ಹಾಯಿಸಿ ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿಯಂಥ ತಳಿ ಕೊಟ್ಟರು. 1960ರ ದಶಕದಲ್ಲಿ ಆಫ್ರಿಕಾದ ರಾಗಿ ಕಡೆಗೆ ತಿರುಗಿದರು. ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ನಾಡು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದಿದ್ದು ಒಂದಿಷ್ಟು ಬೀಜ, ಅದರ ಜೊತೆ ಒಂದಿಷ್ಟು ಗುಣ ಮಾತ್ರ. ಮಿಕ್ಕ ಗುಣಗಳು ತವರಲ್ಲೇ ಉಳಿದಿದ್ದವು. ಗಟ್ಟಿ ಕಡ್ಡಿ, ದೊಡ್ಡ ತೆನೆಯ ಆ ರಾಗಿಯನ್ನು ನಮ್ಮದರ ಜೊತೆ ಸೇರಿಸಿದ್ದಕ್ಕೇ ಇಂಡಾಫ್ (ಇಂಡಿಯಾ-ಆಫ್ರಿಕಾ) ತಳಿಗಳು ಬಂದವು, ಇಳುವರಿ ಏರಿತು. ಈಗ ಬಹಳ ಜನ ಬೆಳೆಯುವ ಜಿಪಿಯು-28 ತಳಿಯ ವಂಶದಲ್ಲೂ ಇಂಡಾಫ್ ಇದೆ.

ಆರಿಸುವ ಆಟ ರಾಗಿಯಲ್ಲಿ ಮಾತ್ರ ಅಲ್ಲ. ರಾಗಿಗೆ ಬರುವ ಬೆಂಕಿ ರೋಗದ ಶಿಲೀಂಧ್ರದಲ್ಲೂ ವ್ಯತ್ಯಾಸಗಳಿವೆ, ಅದರ ತಲೆಮಾರುಗಳು ರಾಗಿಗಿಂತ ಬಹಳ ಬೇಗ ಉರುಳುತ್ತವೆ. ಊರೆಲ್ಲ ಒಂದೇ ತಳಿ ಬೆಳೆದರೆ, ಆ ತಳಿಯನ್ನು ಹಿಡಿಯಬಲ್ಲ ಶಿಲೀಂಧ್ರವನ್ನು ನಾವೇ ಆರಿಸಿ ಸಾಕಿದ ಹಾಗೆ. ಅದಕ್ಕೇ ನಿಮ್ಮ ಅಜ್ಜಿ ಕಾಲದ ನಾಟಿ ರಾಗಿ ಮನೆಯಲ್ಲಿ ಒಂದು ಹಿಡಿ ಇದ್ದರೂ ಹಿಟ್ಟು ಮಾಡಿಸಬೇಡಿ, ನಮಗೆ ತಂದು ಕೊಡಿ. ಅದರಲ್ಲಿ ಹತ್ತಾರು ಸಂತಾನ ಬೆರೆತಿರುತ್ತವೆ. ಒಂದೊಂದು ತೆನೆಯ ಕಾಳನ್ನೂ ಬೇರೆ ಬೇರೆ ಸಾಲಿಗೆ ಹಾಕಿ, ಯಾವ ಸಾಲು ರೋಗ ತಡೆಯುತ್ತದೆ ಅಂತ ನೋಡುತ್ತೇವೆ.