ಮಣಿಕಟ್ಟಿನ ಗುರ್ರ್ ಸದ್ದು

ಸಕಲೇಶಪುರದ ನಮ್ಮ ಚಿಕ್ಕಪ್ಪ ಬೆಳಗ್ಗೆ ಎದ್ದ ಕೂಡಲೇ ಎಡ ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡುತ್ತಾರೆ. ಮಲಗಿದ ಬೆಕ್ಕನ್ನು ಮುಟ್ಟಿದ ಹಾಗೆ, ಚರ್ಮದ ಕೆಳಗೆ ಗುರ್ರ್ ಅನ್ನುತ್ತಿರಬೇಕು. ಅದು ಅವರ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದು ಕೈಯಲ್ಲಿ ಮಾಡಿದ ರಕ್ತನಾಳಗಳ ಜೋಡಣೆ. ವಾರಕ್ಕೆ 3 ಸಲ ಹಾಸನಕ್ಕೆ ಡಯಾಲಿಸಿಸ್‌ಗೆ ಹೋಗುವವರಿಗೆ ಆ ಸದ್ದೇ ಜೀವ.

ರಕ್ತ ಶುದ್ಧ ಮಾಡುವ ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಬೇಕು. ಕೈಯ ಮಾಮೂಲಿ ಸಿರೆಯಲ್ಲಿ (ನಮ್ಮ ಕಡೆ ‘ನರ’ ಅಂತಲೇ ಅನ್ನುವುದು) ಅಷ್ಟು ಸಿಗುವುದಿಲ್ಲ. ಅದಕ್ಕೇ ಸಣ್ಣ ಆಪರೇಷನ್ ಮಾಡಿ ಸಿರೆಯನ್ನು ಪಕ್ಕದ ಅಪಧಮನಿಗೆ (ಹೃದಯದಿಂದ ಜೋರಾಗಿ ರಕ್ತ ತರುವ ನಾಳ) ಹೊಲಿಯುತ್ತಾರೆ. ನ್ಯೂಯಾರ್ಕ್‌ನ ವೈದ್ಯರಾದ ಬ್ರೆಸಿಯಾ, ಸಿಮಿನೊ, ಅಪೆಲ್ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಉಪಾಯ ಇದು. ಜೋರು ರಕ್ತ ನುಗ್ಗಿ ನುಗ್ಗಿ ಸಿರೆ ಹಿಗ್ಗುತ್ತದೆ, ಗಟ್ಟಿಯಾಗುತ್ತದೆ.

ಸೂಜಿಗೆ ಸಿದ್ಧವಾಯಿತಾ? ಅದನ್ನು ಸ್ಕ್ಯಾನಿಂಗ್ ಹೇಳುತ್ತದೆ. ವೈದ್ಯರು ನೆನಪಿಟ್ಟುಕೊಳ್ಳುವ ಲೆಕ್ಕ ಸುಲಭ: 6 ವಾರದ ಹೊತ್ತಿಗೆ ಸಿರೆ 6 ಮಿಲಿಮೀಟರ್ ಅಗಲ, ಚರ್ಮದಿಂದ 6 ಮಿಲಿಮೀಟರ್ ಒಳಗೇ ಇರಬೇಕು, ನಿಮಿಷಕ್ಕೆ 600 ಮಿಲಿಲೀಟರ್ ಹರಿಯಬೇಕು. ಜೆಲ್ ಹಚ್ಚಿ ಪ್ರೋಬ್ ಇಡುತ್ತಾರೆ, ಒತ್ತುವುದಿಲ್ಲ. ಒತ್ತಿದರೆ ಸಿರೆ ಚಪ್ಪಟೆಯಾಗಿ ಅಳತೆಯೇ ತಪ್ಪುತ್ತದೆ. ಹರಿವನ್ನು ಹೆಚ್ಚಾಗಿ ಮೇಲ್ತೋಳಿನ ಅಪಧಮನಿಯಲ್ಲಿ ಅಳೆಯುತ್ತಾರೆ. ಪ್ರೋಬ್‌ನಿಂದ ಹೊರಟು, ಓಡುವ ರಕ್ತಕಣಕ್ಕೆ ಬಡಿದು ಮರಳುವ ಶಬ್ದದ ಸ್ವರ ಬದಲಾಗುತ್ತದೆ. ಶಿರಾಡಿ ಘಾಟಿಯಲ್ಲಿ ಬಸ್ಸು ನಮ್ಮನ್ನು ದಾಟಿದಾಗ ಹಾರ್ನ್ ಬದಲಾದಂತೆ. ಅದರಿಂದ ವೇಗ ಗೊತ್ತಾಗುತ್ತದೆ. ವೇಗಕ್ಕೆ ನಾಳದ ಅಗಲದ ಲೆಕ್ಕ ಸೇರಿದರೆ ಹರಿವು.

ಫಿಸ್ಟುಲಾಕ್ಕೆ ದೊಡ್ಡ ಶತ್ರು, ಸಿರೆ ಒಳಗಿಂದೊಳಗೇ ಕಿರಿದಾಗುವುದು. ಕಾಫಿ ತೋಟದಲ್ಲಿ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟರೆ ನೀರು ಚಿಮ್ಮುತ್ತದಲ್ವಾ? ಇಲ್ಲೂ ಹಾಗೆಯೇ. ಸ್ವಲ್ಪ ಹಿಂದಿನ ಜಾಗಕ್ಕಿಂತ ಒಂದೆಡೆ ವೇಗ 2 ಪಟ್ಟಿಗಿಂತ ಜಾಸ್ತಿಯಾದರೆ, ಅಲ್ಲಿ ಸಿರೆ ಅರ್ಧಕ್ಕರ್ಧ ಕಟ್ಟಿರುವ ಅನುಮಾನ.

ಹೋದ ವರ್ಷ ಚಿಕ್ಕಪ್ಪನ ಬೆರಳಿಗೆ ಗುರ್ರ್ ಬದಲು ಟಕ್ ಟಕ್ ಅಂತ ನಾಡಿ ಬಡಿತ ಸಿಕ್ಕಿತು. ‘ಸದ್ದು ಇದೆಯಲ್ಲ’ ಅಂತ ಅವರು ಸುಮ್ನಿರಲಿಲ್ಲ, ನನಗೆ ಅದೇ ದೊಡ್ಡದು. ಮುಂದೆ ದಾರಿ ಕಟ್ಟಿದಾಗಲೇ ಹಾಗೆ ಬಡಿಯುವುದು. ಸ್ಕ್ಯಾನಿಂಗ್‌ನಲ್ಲಿ ಮೊಣಕೈ ಹತ್ತಿರ ಕಿರಿದಾದ ಜಾಗ ಕಂಡಿತು. ಬಲೂನ್ ಹಾಕಿ ಹಿಗ್ಗಿಸಿದರು. ಪೂರ್ತಿ ಹೆಪ್ಪುಗಟ್ಟಿದ್ದರೆ ಕುತ್ತಿಗೆಗೆ ನಳಿಗೆ ಹಾಕಿಸಿಕೊಳ್ಳಬೇಕಿತ್ತು.

ಈಗ ಡಯಾಲಿಸಿಸ್ ಇಲ್ಲದ ದಿನ ತೋಟಕ್ಕೂ ಹೋಗಿ ಬರುತ್ತಾರೆ. ಬಿ.ಪಿ. ನೋಡಲು ಯಾರೇ ಬರಲಿ, ಮೊದಲು ಫಿಸ್ಟುಲಾ ಇಲ್ಲದ ಬಲಗೈ ಚಾಚುತ್ತಾರೆ.