ಥ್ರೆಡ್ ಒಂದೇ, ಮೆಸೇಜ್ ಮಾತ್ರ ನಾಲ್ಕು ಯಾಕೆ?

ಪ್ರಶ್ನೆ: "ಬ್ಯಾಡಗಿ ಮಾರ್ಕೆಟ್‌ನ್ಯಾಗ ನಮ್ಮ ಕಾಕಾರದು ದಲಾಲಿ ಅಂಗಡಿ ಐತ್ರಿ. ಸೋಮವಾರ, ಗುರುವಾರ ಟೆಂಡರ್ ಮುಗಿದ ಮ್ಯಾಲ ಡಬ್ಬಿ, ಕಡ್ಡಿ ಮೆಣಸಿನಕಾಯಿ ರೇಟು ರೈತರಿಗೆ ಎಸ್ಸೆಮ್ಮೆಸ್ ಹೋಗೂ ಹಂಗ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೊದಾಗ ಒಂದು ಸಣ್ಣ ಸೈಟ್ ಮಾಡೇನಿ. ಡೇಟಾಬೇಸ್ ಮೈಎಸ್‌ಕ್ಯೂಎಲ್. ಆ್ಯಪ್ ಚಾಲೂ ಆದ ಕೂಡ್ಲೆ ಒಂದು ಬ್ಯಾಕ್‌ಗ್ರೌಂಡ್ ಥ್ರೆಡ್ ಶುರು ಆಕ್ಕೈತಿ, ಸಂಜಿ ಆರಕ್ಕ ಮೆಸೇಜ್ ಕಳಸ್ತೈತಿ. ಲ್ಯಾಪ್‌ಟಾಪ್‌ನ್ಯಾಗ ಎರಡೆರಡು ಹೊಂಟಾವು, ಸರ್ವರ್‌ನ್ಯಾಗ ನಾಕ್ ನಾಕು. ಒಮ್ಮೊಮ್ಮೆ ಒಂದೂ ಹೋಗೂದಿಲ್ಲ. ಹಿಂಗ್ಯಾಕ್ರಿ?"

ಉತ್ತರ: ನೀವು ಬರೆದ ಥ್ರೆಡ್, ಅಂದರೆ ಪ್ರೋಗ್ರಾಮಿನೊಳಗೆ ಪಕ್ಕದಲ್ಲಿ ತನ್ನಷ್ಟಕ್ಕೆ ಓಡುವ ಕೆಲಸ, ಒಂದೇ, ನಿಜ. ಆದರೆ ನಿಮ್ಮ ಆ್ಯಪ್ ಒಂದೇ ಸಲ ಚಾಲೂ ಆಗುತ್ತದೆ ಅಂದುಕೊಂಡಿದ್ದೀರಲ್ಲ, ಎಡವಟ್ಟು ಅಲ್ಲಿದೆ.

ಥ್ರೆಡ್ ಶುರು ಮಾಡುವ ಸಾಲನ್ನು ನೀವು ಆ್ಯಪ್ ಕಾನ್ಫಿಗ್‌ನ ರೆಡಿ ಫಂಕ್ಷನ್‌ನಲ್ಲಿ, ಅಂದರೆ ಆ್ಯಪ್ ಲೋಡ್ ಆದಾಗ ಜ್ಯಾಂಗೊ ತಾನೇ ಓಡಿಸುವ ಜಾಗದಲ್ಲಿ, ಇಟ್ಟಿರಬೇಕು. ಎಲ್ಲರೂ ಅಲ್ಲೇ ಇಡುತ್ತಾರೆ. ಅದರ ಪಕ್ಕದಲ್ಲೇ ಆ ಪ್ರೋಸೆಸ್‌ನ (ಓಡುತ್ತಿರುವ ಪ್ರೋಗ್ರಾಮಿನ) ನಂಬರ್, ಅಂದರೆ ಪಿಐಡಿ, ಪ್ರಿಂಟ್ ಆಗುವಂತೆ ಒಂದು ಸಾಲು ಸೇರಿಸಿ, ಲ್ಯಾಪ್‌ಟಾಪ್‌ನಲ್ಲಿ ಸೈಟ್ ಓಡಿಸುವ ರನ್‌ಸರ್ವರ್ ಕಮಾಂಡ್ ಕೊಟ್ಟು ನೋಡಿ. ಟರ್ಮಿನಲ್‌ನಲ್ಲಿ ಎರಡು ಸಾಲು ಬರುತ್ತವೆ, ಎರಡರ ನಂಬರೂ ಬೇರೆ ಬೇರೆ. ಕೋಡ್ ಬದಲಾದ ತಕ್ಷಣ ಆ್ಯಪ್ ತಾನೇ ರೀಲೋಡ್ ಆಗಲಿ ಅಂತ ಜ್ಯಾಂಗೊ ಎರಡು ಪ್ರೋಸೆಸ್ ಇಟ್ಟುಕೊಳ್ಳುತ್ತದೆ: ಒಂದು ಕಾವಲಿಗೆ, ಇನ್ನೊಂದು ನಿಜವಾದ ಕೆಲಸಕ್ಕೆ. ರೆಡಿ ಎರಡರಲ್ಲೂ ಓಡುತ್ತದೆ. ನೋರೀಲೋಡ್ ಆಯ್ಕೆ ಕೊಟ್ಟರೆ ಒಂದೇ ಸಾಲು ಬರುತ್ತದೆ. ಲ್ಯಾಪ್‌ಟಾಪ್ ಕಥೆ ಇಷ್ಟೇ.

ಹಾಗೇ ಮೈಗ್ರೇಟ್ ಕಮಾಂಡನ್ನೂ ಒಮ್ಮೆ ಕೊಟ್ಟು ನೋಡಿ. ಪಿಐಡಿ ಸಾಲು ಅಲ್ಲೂ ಬರುತ್ತದೆ! ಅಂದರೆ ಟೇಬಲ್‌ಗೆ ಒಂದು ಕಾಲಮ್ ಸೇರಿಸಲು ಹೋದಾಗಲೂ ನಿಮ್ಮ ಎಸ್ಸೆಮ್ಮೆಸ್ ಥ್ರೆಡ್ ಎದ್ದು ಕೂರುತ್ತದೆ. ಸೋಮವಾರ ಸಂಜೆ ಆರಕ್ಕೆ ಯಾರಾದರೂ ಜ್ಯಾಂಗೊ ಶೆಲ್ ತೆರೆದು ಕೂತಿದ್ದರೆ ರೈತರಿಗೆ ಇನ್ನೊಂದು ಮೆಸೇಜ್ ಹೋಗುತ್ತದೆ.

ಸರ್ವರ್‌ನಲ್ಲಿ ಪೈಥಾನ್ ಸೈಟ್ ನಡೆಸುವ ಗನಿಕಾರ್ನ್ ಓಡಿಸುತ್ತಿದ್ದೀರಿ, ವರ್ಕರ್ ನಾಲ್ಕು ಇಟ್ಟಿದ್ದೀರಿ ಅಂತ ಕಾಣುತ್ತದೆ. ಪ್ರತಿ ವರ್ಕರ್ ಒಂದು ಬೇರೆ ಪ್ರೋಸೆಸ್. ಪ್ರತಿಯೊಂದೂ ಆ್ಯಪನ್ನು ಮೊದಲಿನಿಂದ ಲೋಡ್ ಮಾಡಿಕೊಂಡು ತನ್ನದೇ ಥ್ರೆಡ್ ಶುರು ಮಾಡುತ್ತದೆ. ಮನೆಯ ನಾಲ್ಕೂ ಮಂದಿ ಒಬ್ಬರಿಗೊಬ್ಬರು ಹೇಳದೆ ಸಂಜೆ ಹಾಲು ತಂದ ಹಾಗೆ.

"ಗನಿಕಾರ್ನ್‌ಗೆ ಪ್ರೀಲೋಡ್ ಹಾಕಿ, ಸರಿ ಹೋಗುತ್ತೆ" ಅಂತ ಯಾರಾದರೂ ಹೇಳಬಹುದು. ಹಾಕಿದರೆ ಮೆಸೇಜ್ ಒಂದೇ ಹೋಗುತ್ತದೆ, ಸುಳ್ಳಲ್ಲ. ಪ್ರೀಲೋಡ್‌ನಲ್ಲಿ ಆ್ಯಪ್ ಮೊದಲು ಮಾಸ್ಟರ್ ಪ್ರೋಸೆಸ್‌ನಲ್ಲಿ ಲೋಡ್ ಆಗುತ್ತದೆ, ಆಮೇಲೆ ವರ್ಕರ್‌ಗಳು ಅದರಿಂದ ಫೋರ್ಕ್ ಆಗುತ್ತವೆ, ಅಂದರೆ ಅದರ ನಕಲಾಗಿ ಹುಟ್ಟುತ್ತವೆ. ಫೋರ್ಕ್ ಮಾಡಿದಾಗ ಹೊಸ ಪ್ರೋಸೆಸ್‌ಗೆ ಬರುವುದು ಫೋರ್ಕ್ ಕರೆದ ಥ್ರೆಡ್ ಮಾತ್ರ, ಉಳಿದವು ಬರುವುದಿಲ್ಲ. ಹಾಗಾಗಿ ನಿಮ್ಮ ಥ್ರೆಡ್ ಮಾಸ್ಟರ್‌ನಲ್ಲೇ ಉಳಿಯುತ್ತದೆ. ನಾಳೆ ಅದೇ ಥ್ರೆಡ್ ಹೊಸ ರೇಟನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟು, ಅದನ್ನು ಪೇಜ್‌ನಲ್ಲಿ ತೋರಿಸಲು ಹೋದಿರಿ ಅನ್ನಿ. ವರ್ಕರ್‌ಗಳಿಗೆ ಆ ಬದಲಾವಣೆ ಕಾಣುವುದೇ ಇಲ್ಲ, ಪೇಜ್‌ನಲ್ಲಿ ಹಳೇ ರೇಟೇ ಕೂತಿರುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ಜಾಸ್ತಿ. ಫೋರ್ಕ್ ಆಗುವ ಕ್ಷಣದಲ್ಲಿ ಆ ಥ್ರೆಡ್ ಯಾವುದಾದರೂ ಲಾಕ್ (ಒಂದು ಸಲಕ್ಕೆ ಒಬ್ಬರೇ ಮುಟ್ಟಲಿ ಅಂತ ಹಾಕುವ ಬೀಗ) ಹಿಡಿದಿದ್ದರೆ, ವರ್ಕರ್‌ಗೆ ಬೀಗ ಹಾಕಿದ ಲಾಕ್ ಬರುತ್ತದೆ, ತೆಗೆಯುವ ಥ್ರೆಡ್ ಬರುವುದಿಲ್ಲ. ಆ ವರ್ಕರ್ ಸುಮ್ನೆ ಕಾಯುತ್ತಾ ನಿಲ್ಲುತ್ತದೆ. ನಾನಂತೂ ಈ ದಾರಿ ಹಿಡಿಯುವುದಿಲ್ಲ.

ಇನ್ನು "ಒಮ್ಮೊಮ್ಮೆ ಒಂದೂ ಹೋಗೂದಿಲ್ಲ" ಅಂದಿರಲ್ಲ. ನನ್ನ ಅನುಮಾನ ಮೈಎಸ್‌ಕ್ಯೂಎಲ್ ಕನೆಕ್ಷನ್ ಮೇಲೆ. ಸುಮ್ಮನಿರುವ ಕನೆಕ್ಷನನ್ನು ಮೈಎಸ್‌ಕ್ಯೂಎಲ್ ಡೀಫಾಲ್ಟ್ ಆಗಿ 28,800 ಸೆಕೆಂಡ್, ಅಂದರೆ 8 ಗಂಟೆ ನೋಡಿ ಕಡಿದುಹಾಕುತ್ತದೆ. ನಿಮ್ಮ ಥ್ರೆಡ್ ಗುರುವಾರ ಕೆಲಸ ಮುಗಿಸಿ ಮಲಗಿದರೆ ಏಳುವುದು ಸೋಮವಾರ. ಪೇಜ್ ರಿಕ್ವೆಸ್ಟ್‌ಗಳಿಗಾದರೆ ಹಳೇ ಕನೆಕ್ಷನ್ ತೆಗೆದುಹಾಕುವ ಕೆಲಸ ಜ್ಯಾಂಗೊ ತಾನೇ ಮಾಡುತ್ತದೆ. ನೀವೇ ಶುರು ಮಾಡಿದ ಥ್ರೆಡ್‌ಗೆ ಆ ಸೌಲಭ್ಯ ಇಲ್ಲ. ಎರರ್ ಬರುತ್ತದೆ, ಹಿಡಿಯುವವರಿಲ್ಲ, ಥ್ರೆಡ್ ಸಾಯುತ್ತದೆ. ಸೈಟ್ ಮಾತ್ರ ಏನೂ ಆಗದ ಹಾಗೆ ನಡೆಯುತ್ತಿರುತ್ತದೆ. ಲಾಗ್‌ನಲ್ಲಿ "ಸರ್ವರ್ ಹ್ಯಾಸ್ ಗಾನ್ ಅವೇ" ಅಂತ ಇದೆಯಾ, ಹುಡುಕಿ ನೋಡಿ.

ಹಾಗಾದರೆ ಚಾಲೂ ಆಗುವಾಗ ಥ್ರೆಡ್ ಶುರು ಮಾಡುವುದೇ ತಪ್ಪಾ? ಅಲ್ಲ. ಆ ಕೆಲಸ ಪ್ರತಿ ಪ್ರೋಸೆಸ್‌ಗೂ ಬೇಕಾ, ಇಲ್ಲ ಎಲ್ಲಕ್ಕೂ ಸೇರಿ ಒಂದೇ ಸಾಕಾ ಅಂತ ಕೇಳಿಕೊಳ್ಳಿ. ಪ್ರತಿ ವರ್ಕರ್ ತನ್ನ ಮೆಮೊರಿಯ ಕ್ಯಾಶ್, ಅಂದರೆ ಬೇಗ ಸಿಗಲಿ ಅಂತ ಇಟ್ಟುಕೊಂಡ ಮಾಹಿತಿ, ತಾಜಾ ಇಟ್ಟುಕೊಳ್ಳಬೇಕಾದರೆ ಥ್ರೆಡ್ ಸರಿ. ರೈತರಿಗೆ ಮೆಸೇಜ್ ಒಂದೇ ಸಾಕು, ಅದು ವೆಬ್ ಆ್ಯಪ್‌ನೊಳಗಿನ ಕೆಲಸವೇ ಅಲ್ಲ. ವಾರಕ್ಕೆ ಎರಡು ದಿನದ ಕೆಲಸಕ್ಕೆ ಇಡೀ ವಾರ ಒಂದು ಥ್ರೆಡ್ ಮಲಗಿಸಿಡುವುದು ಯಾಕೆ?

ಆ ಕೋಡನ್ನು ಜ್ಯಾಂಗೊದ ಮ್ಯಾನೇಜ್‌ಮೆಂಟ್ ಕಮಾಂಡ್ (ಮೈಗ್ರೇಟ್ ಥರ ಕೈಯಿಂದ ಕೊಡುವ ಕಮಾಂಡ್) ಮಾಡಿ, ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ಗೆ ಒಪ್ಪಿಸಿ. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ (ಅಂತರರಾಷ್ಟ್ರೀಯ ಸಮಯದಲ್ಲಿದ್ದರೆ) ನಮ್ಮ ಸಂಜೆ ಆರು ಅಲ್ಲಿ 12:30. ಹಾಗಾಗಿ ಸಾಲಿನ ಮೊದಲಿಗೆ 30 12 * * 1,4 ಅಂತ ಬರಬೇಕು. ಮೊದಲು ನಿಮಿಷ, ಆಮೇಲೆ ಗಂಟೆ; ಕೊನೆಯ 1 ಸೋಮವಾರ, 4 ಗುರುವಾರ. ಕ್ರಾನ್ ನೋಡುವುದು ಸರ್ವರ್ ಗಡಿಯಾರವನ್ನು, ಜ್ಯಾಂಗೊ ಸೆಟ್ಟಿಂಗ್ಸ್‌ನಲ್ಲಿ ನೀವು ಬರೆದ ಟೈಮ್ ಝೋನನ್ನಲ್ಲ.

ಹೋಸ್ಟಿಂಗ್‌ನಲ್ಲಿ ಕ್ರಾನ್ ಸಿಗದಿದ್ದರೆ, ಕಳಿಸುವ ಮೊದಲು ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಮೈಎಸ್‌ಕ್ಯೂಎಲ್‌ನ ಗೆಟ್ ಲಾಕ್ ಹಿಡಿಯಬಹುದು. ಸಿಕ್ಕ ವರ್ಕರ್ ಕಳಿಸಲಿ, ಸಿಗದವು ಸುಮ್ಮನಿರಲಿ. ಇದನ್ನೇ ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್‌ನಲ್ಲಿ ಬರೆದು ಎರಡು ಮಷೀನ್‌ನಲ್ಲಿ ಓಡಿಸಿದರೂ ಇದೇ ಗೋಳು. ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್‌ನಲ್ಲಿ ಉಲ್ಟಾ ತೊಂದರೆ: 20 ನಿಮಿಷ ಯಾರೂ ಸೈಟ್‌ಗೆ ಬರದಿದ್ದರೆ ಡೀಫಾಲ್ಟ್ ಆಗಿ ಪ್ರೋಸೆಸ್ಸೇ ಮಲಗುತ್ತದೆ, ಜೊತೆಗೆ ಥ್ರೆಡ್ಡೂ.

ಬದಲಾಯಿಸುವಾಗ ಕ್ರಮ ತಪ್ಪಬೇಡಿ. ಮೊದಲು ಕಳಿಸಿದ ಮೆಸೇಜ್‌ಗಳಿಗೆ ಒಂದು ಟೇಬಲ್ ಮಾಡಿ, ಮೊಬೈಲ್ ನಂಬರ್ ಮತ್ತು ತಾರೀಖು ಸೇರಿ ಯುನಿಕ್ (ಅದೇ ಜೋಡಿ ಎರಡನೇ ಸಲ ಸೇರದು) ಅಂತ ಹಾಕಿ. ಸಾಲು ಸೇರಿದರೆ ಮಾತ್ರ ಕಳಿಸಿ. ಆಗ ಯಾರು ಎಷ್ಟು ಸಲ ಓಡಿಸಿದರೂ ಒಬ್ಬರಿಗೆ ಎರಡನೆಯದು ಹೋಗುವುದಿಲ್ಲ, ಎಸ್ಸೆಮ್ಮೆಸ್ ದುಡ್ಡೂ ಉಳಿಯುತ್ತದೆ. ಆಮೇಲೆ ರೆಡಿಯಿಂದ ಥ್ರೆಡ್ ಸಾಲು ತೆಗೆದು ಗನಿಕಾರ್ನ್ ರೀಸ್ಟಾರ್ಟ್ ಮಾಡಿ. ಕ್ರಾನ್ ಕೊನೆಗೆ. ಇದನ್ನೆಲ್ಲ ಟೆಂಡರ್ ಇಲ್ಲದ ದಿನ ಮಾಡಿ, ಮಂಗಳವಾರ ಒಳ್ಳೇದು.